ಗಾಜಿನ ಮೇಲೆ ಬೋರಲಾದ ಕಾರ್ಡು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಯಾವ ಪೇಟೆಯ ಬಸ್ ನಿಲ್ದಾಣದ ಎದುರು ನಿಂತರೂ ಒಂದು ಝೆರಾಕ್ಸ್ ಅಂಗಡಿ ಕಣ್ಣಿಗೆ ಬೀಳುತ್ತದೆ. ಬೋರ್ಡಿನ ಮೇಲೆ ಝೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿ, ಕೊನೆಗೆ ಲ್ಯಾಮಿನೇಷನ್. ಮಾರ್ಕ್ಸ್ ಕಾರ್ಡ್ ಬಂದರೆ ಲ್ಯಾಮಿನೇಷನ್, ರೇಷನ್ ಕಾರ್ಡ್ ಬಂದರೆ ಲ್ಯಾಮಿನೇಷನ್, ತಾತನ ಕಾಲದ ಫೋಟೊ ಸಿಕ್ಕರೂ ಲ್ಯಾಮಿನೇಷನ್. ಬೆಲೆಬಾಳುವ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಬೇಯಿಸಿಟ್ಟರೆ ಅದು ಉಳಿಯುತ್ತದೆ ಎಂಬ ನಂಬಿಕೆ ನಾಡಿನ ತುಂಬ ಇದೆ. ಹಳೆಯ ಕಾರ್ಡುಗಳನ್ನು ಕೂಡಿಡುವವರ ಲೋಕದಲ್ಲಿ ಇದು ಪೂರಾ ಉಲ್ಟಾ. ಬಿಸಿಗೆ ಕರಗಿದ ಅಂಟು ಕಾಗದದ ನಾರಿನೊಳಕ್ಕೆ ಇಳಿದ ಮೇಲೆ ಅದನ್ನು ಬಿಡಿಸುವುದು ಅಸಾಧ್ಯವೆಂದೇ ಹೇಳಬೇಕು. ಅಂಥ ಕಾರ್ಡನ್ನು ಹರಾಜಿಗಿಟ್ಟರೆ ಕೊಳ್ಳುವವರು ಒಂದು ಕ್ಷಣ ನೋಡಿ ಮುಂದಕ್ಕೆ ಹೋಗುತ್ತಾರೆ.

ಗುಡೇಕೋಟೆಯ ಒಂದು ಮನೆಯ ಅಟ್ಟದ ಮೇಲೆ ಟ್ರಂಕ್ ಇದೆ ಎಂದುಕೊಳ್ಳೋಣ. ಹೊರಗಿನವರಿಗೆ ಈ ಊರು ಇವತ್ತು ಕರಡಿಧಾಮದಿಂದ ಪರಿಚಯ. ಒನಕೆ ಓಬವ್ವನ ತವರು ಎಂದು ಹಿರಿಯರು ಹೇಳುತ್ತ ಬಂದ ಊರು. ಬಂಡೆಗುಡ್ಡದ ಮೇಲೆ ಪಾಳೆಯಗಾರರ ಕೋಟೆ. ಟ್ರಂಕಿನಲ್ಲಿ ಏನೇನಿರಬಹುದು? ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದ ಜಿಲ್ಲೆ. ಹಾಗಾಗಿ ಮದರಾಸಿಗೆ ಓದಲು ಹೋದ ಯಾರೋ ಊರಿಗೆ ಹಾಕಿದ ಚಿತ್ರದ ಕಾರ್ಡು ಒಂದೆರಡು ಇರಬಹುದು. ಮುತ್ತಜ್ಜನಿಗೆ ಬಂದ ಕಾಲಾಣೆಯ ಅಂಚೆ ಕಾರ್ಡುಗಳಿರಬಹುದು. ಭಾರತದಲ್ಲಿ ಆ ಕಾರ್ಡು ಶುರುವಾದದ್ದು 1879ರ ಜುಲೈ 1ರಂದು. ಜಾತ್ರೆ ಅಂಗಡಿಯಲ್ಲಿ ಕೊಂಡ ಸಿನಿಮಾ ನಟರ ಕಾರ್ಡುಗಳು, ತೊಂಬತ್ತರ ದಶಕದಲ್ಲಿ ಹುಡುಗರು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಎತ್ತರ, ತೂಕ, ಎದೆಯಳತೆ ಕೂಗಿ ಆಡುತ್ತಿದ್ದ ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳು, ಅವುಗಳ ನಡುವೆ ಕಡ್ಡಿಪೆಟ್ಟಿಗೆಯ ಛಾಪಗಳು. ಇದರಲ್ಲಿ ಬಹುಪಾಲಿಗೆ ಬೆಲೆ ಅಷ್ಟಕ್ಕಷ್ಟೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಯಾವುದಕ್ಕೆ ಬೆಲೆ ಇದೆ, ಯಾವುದಕ್ಕೆ ಇಲ್ಲ ಎಂದು ದೂರದಲ್ಲಿರುವ ಕೊಳ್ಳುವವರು ತೀರ್ಮಾನಿಸುವುದು ಸ್ಕ್ಯಾನ್ ನೋಡಿ.

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಏನು ಮಾಡುತ್ತಾರೆ? ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ, ಆಮೇಲೆ ಟವೆಲ್ಲಿನ ಕೆಳಗೆ ಕೈಹಾಕಿ ದರ ಮಾತಾಡುತ್ತಾರೆ. ಆನ್‌ಲೈನ್ ಹರಾಜಿನಲ್ಲಿ ಮುಟ್ಟಿ ನೋಡುವ ಭಾಗ್ಯವಿಲ್ಲ. ಕಾರ್ಡಿನ ನಾಲ್ಕು ಮೂಲೆಗಳೇ ಅದರ ಹಲ್ಲು. ಮೂಲೆ ಕಾಣದ ಚಿತ್ರ ಹಾಕಿದರೆ, ಬಾಯಿ ಬಿಡದ ಎತ್ತನ್ನು ಮಾರಲು ತಂದಂತೆ.

ದೋಷ ತೋರಿಸಿದರೆ ಮಾಲು ಹೋಗುವುದಿಲ್ಲ ಎಂಬ ಅಳುಕು ಮಾರುವವರಿಗೆ ಸಹಜ. ಈ ವ್ಯಾಪಾರದ ಮೊದಲ ದಿನಗಳ ಕತೆಯೇ ಅದಕ್ಕೆ ಉತ್ತರ. 1995ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಶುರುವಾಗಿ ಮುಂದೆ ಇಬೇ ಎಂದು ಹೆಸರಾದ ಹರಾಜು ತಾಣದಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. ಅದಕ್ಕೆ ಬಂದ ಬೆಲೆ 14 ಡಾಲರ್ 83 ಸೆಂಟ್. ಕೆಟ್ಟಿದೆ ಎಂದು ಮಾರಾಟಗಾರ ಬರೆದೇ ಇದ್ದ. ಕೊಂಡವನಿಗೆ ಕೆಟ್ಟ ಲೇಸರ್ ಪಾಯಿಂಟರುಗಳನ್ನು ಕೂಡಿಡುವುದೇ ಹವ್ಯಾಸವಾಗಿತ್ತಂತೆ!

ಮುಚ್ಚಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಇನ್ನೂ ದೊಡ್ಡ ಕತೆಯಿದೆ. 1909ರಿಂದ 1911ರವರೆಗೆ ಅಮೆರಿಕದ ಸಿಗರೇಟು ಪೊಟ್ಟಣಗಳಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವಿದ್ದ ಪುಟ್ಟ ಕಾರ್ಡುಗಳು ಬರುತ್ತಿದ್ದವು. ಅವುಗಳಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡು ಬೇಗನೆ ನಿಂತುಹೋದದ್ದರಿಂದ ತೀರ ಅಪರೂಪ. ಅಂಥ ಒಂದು ಕಾರ್ಡನ್ನು 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಮತ್ತು ಪಾಲುದಾರರೊಬ್ಬರು 4 ಲಕ್ಷ 51 ಸಾವಿರ ಡಾಲರಿಗೆ ಕೊಂಡರು. ಪರೀಕ್ಷಕ ಸಂಸ್ಥೆ ಅದಕ್ಕೆ ಹತ್ತರಲ್ಲಿ ಎಂಟು ಅಂಕ ಕೊಟ್ಟಿತು. ಎಂಬತ್ತು ವರ್ಷದ ಕಾಗದಕ್ಕೆ ಇಷ್ಟು ಚೂಪಾದ ಅಂಚು ಹೇಗೆ ಎಂದು ಕೆಲವರು ಗೊಣಗುತ್ತಲೇ ಇದ್ದರು. 2007ರಲ್ಲಿ ಅದೇ ಕಾರ್ಡು 28 ಲಕ್ಷ ಡಾಲರಿಗೆ ಕೈಬದಲಾಯಿತು. 2013ರಲ್ಲಿ, ಹಿಂದೊಮ್ಮೆ ಅದನ್ನು ಕೊಂಡು ಮಾರಿದ್ದ ಹರಾಜುದಾರ ಬಿಲ್ ಮ್ಯಾಸ್ಟ್ರೊ, ಅಂಚುಗಳನ್ನು ತಾನೇ ಕತ್ತರಿಸಿದ್ದಾಗಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ.

ಈ ಕತೆ ಗೊತ್ತಿರುವ ಕೊಳ್ಳುವವರು ಮೊದಲು ನೋಡುವುದು ಅಂಚನ್ನೇ. ಸ್ಕ್ಯಾನರಿನ ಮುಚ್ಚಳದ ಒಳಮೈ ಬಿಳಿ. ಹಳೆಯ ಕಾರ್ಡುಗಳ ಅಂಚೂ ಸಾಮಾನ್ಯವಾಗಿ ಬಿಳಿ. ಬಿಳಿಯ ಮೇಲೆ ಬಿಳಿ ಬಿದ್ದರೆ ಅಂಚು ಎಲ್ಲಿ ಮುಗಿಯಿತು, ಮೂಲೆ ಎಷ್ಟು ಸವೆದಿದೆ ಎಂದು ಗೊತ್ತೇ ಆಗುವುದಿಲ್ಲ. ಇದಕ್ಕೆ ಮದ್ದು ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಒಂದು ಕಪ್ಪು ಡ್ರಾಯಿಂಗ್ ಶೀಟು. ಕಾರ್ಡಿನ ಬೆನ್ನಿಗೆ ಅದನ್ನು ಹೊದಿಸಿ ಸ್ಕ್ಯಾನ್ ಮಾಡಿದರೆ ಮೂಲೆಯ ಒಂದೊಂದು ನಾರೂ ಎದ್ದು ಕಾಣುತ್ತದೆ. ಇನ್ನೊಂದು ಲಾಭವೂ ಉಂಟು. ತೆಳು ಕಾರ್ಡಿನ ಹಿಂಬದಿಯ ಶಾಯಿ ಬರಹ ಮುಂಬದಿಯ ಚಿತ್ರದೊಳಗೆ ಮಬ್ಬಾಗಿ ಇಣುಕುವುದು ಕಡಿಮೆಯಾಗುತ್ತದೆ. ಕಾರ್ಡಿನ ಪಕ್ಕದಲ್ಲಿ ಒಂದು ಮಿಲಿಮೀಟರ್ ಸ್ಕೇಲ್ ಇಟ್ಟುಬಿಟ್ಟರೆ ಕತ್ತರಿಸಿದ ಗುಮಾನಿಗೂ ಅಲ್ಲೇ ಉತ್ತರ ಸಿಗುತ್ತದೆ. ಹಳೆಯ ಚಿತ್ರದ ಕಾರ್ಡುಗಳ ರೂಢಿಯ ಅಳತೆ ಸುಮಾರು 14 ಸೆಂಟಿಮೀಟರಿಗೆ 9. ಎರಡು ಮಿಲಿಮೀಟರ್ ಕಡಿಮೆ ಬಂದರೂ ಯಾರಾದರೂ ಕೇಳಿಯೇ ಕೇಳುತ್ತಾರೆ.

ಚಿತ್ರವನ್ನು ಕತ್ತರಿಸಿ ಚೊಕ್ಕ ಮಾಡುವಾಗ ಕಾರ್ಡಿನ ಸುತ್ತ ಕಪ್ಪು ಪಟ್ಟಿ ಒಂದಿಷ್ಟು ಉಳಿಯಬೇಕು. ಗಾಜಿನ ತೀರ ಅಂಚಿಗೆ ತಾಗಿಸಿ ಇಟ್ಟರೆ ಹಲವು ಯಂತ್ರಗಳಿಗೆ ಆ ಕೊನೆಯ ಎರಡು ಮೂರು ಮಿಲಿಮೀಟರ್ ಕಾಣುವುದೇ ಇಲ್ಲ. ಒಂದು ಬೆರಳಗಲ ಒಳಕ್ಕೆ ಸರಿಸಬೇಕು. ಸರಿಸುವುದೆಂದರೆ ಎಳೆಯುವುದಲ್ಲ, ಎತ್ತಿ ಇಡುವುದು. ಗಾಜಿನ ಮೇಲೆ ಎಳೆದಾಡಿದ ಕಾರ್ಡಿನ ಮೈಗೆ ಗೀರು ಬೀಳುತ್ತದೆ, ಉಗುರು ಹಾಕಿ ಎತ್ತಿದರೆ ಇದ್ದ ಒಂದು ಒಳ್ಳೆಯ ಮೂಲೆಯೂ ಮುದುರುತ್ತದೆ. ಕಾರ್ಡಿನ ಕೆಳಗೆ ಮೊದಲೇ ಒಂದು ತೆಳು ಕಾಗದದ ಪಟ್ಟಿಯ ತುದಿ ಸಿಕ್ಕಿಸಿಟ್ಟುಕೊಂಡರೆ ಎತ್ತಲು ಸುಲಭ. ಆ ತುದಿ ಚಿತ್ರದಲ್ಲಿ ಕಂಡರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕೇಳುಗರಲ್ಲಿ ಕೆಲವರು ಝೆರಾಕ್ಸ್ ಅಂಗಡಿಯಲ್ಲೇ ಸ್ಕ್ಯಾನ್ ಮಾಡಿಸಬಹುದಲ್ಲ ಎಂದುಕೊಂಡಿರಬಹುದು. ಮಾಡಿಸಬಹುದು, ಎರಡು ಷರತ್ತಿನ ಮೇಲೆ. ಕಾಗದವನ್ನು ಮೇಲಿನಿಂದ ತಾನೇ ಎಳೆದುಕೊಳ್ಳುವ ಯಂತ್ರದ ಬಾಯಿಗೆ ಹಳೆಯ ಕಾರ್ಡನ್ನು ಕೊಡಲೇಬಾರದು. ಅದರೊಳಗಿನ ರಬ್ಬರ್ ಉರುಳೆಗಳು ಕಾರ್ಡನ್ನು ಬಗ್ಗಿಸಿ ಎಳೆಯುತ್ತವೆ. ಎರಡನೆಯದು, ಗಾಜು ಒರೆಸಿಸಿ. ಬೆಳಗಿನಿಂದ ಆಧಾರ್ ಕಾರ್ಡು, ಪಹಣಿ, ಪಾಸ್‌ಬುಕ್ಕುಗಳು ಬಿದ್ದೆದ್ದ ಗಾಜದು. ಬೇಸಿಗೆಯಲ್ಲಿ ಈ ಭಾಗದ ಧೂಳು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಗಾಜಿನ ಮೇಲೆ ನೇರವಾಗಿ ನೀರು, ದ್ರಾವಣ ಚಿಮುಕಿಸಿದರೆ ಅದು ಅಂಚಿನ ಸಂದಿಯಿಂದ ಒಳಕ್ಕಿಳಿದು, ಒರೆಸಲಾಗದ ಒಳಮೈಯಲ್ಲಿ ಕಲೆ ಕಟ್ಟುತ್ತದೆ. ಕನ್ನಡಕ ಒರೆಸುವ ಮೆತ್ತನೆ ಬಟ್ಟೆ ಸಾಕು.

ಧೂಳಿನ ಬಗ್ಗೆ ಒಂದು ಸಣ್ಣ ಪತ್ತೇದಾರಿಕೆ. ಸ್ಕ್ಯಾನಿನಲ್ಲಿ ಒಂದು ಚುಕ್ಕೆ ಕಂಡಿತು. ಅದು ಗಾಜಿನದೋ ಕಾರ್ಡಿನದೋ? ಕಾರ್ಡನ್ನು ತಲೆಕೆಳಗು ಮಾಡಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ ನೋಡಿ. ಚುಕ್ಕೆ ಇದ್ದ ಜಾಗದಲ್ಲೇ ನಿಂತರೆ ಗಾಜಿನದು, ಕಾರ್ಡಿನ ಜೊತೆ ತಿರುಗಿದರೆ ಕಾರ್ಡಿನದು. ಗಾಜಿನದಾದರೆ ಒರೆಸಿ. ಕಾರ್ಡಿನದಾದರೆ ಅದು ಸರಕಿನ ಗುಣ, ಹಾಗೇ ಬಿಡಿ. ಸ್ಕ್ಯಾನರಿನ ತಂತ್ರಾಂಶದಲ್ಲಿ ಧೂಳು ಅಳಿಸುವ, ಬಣ್ಣ ಉಜ್ಜೀವಿಸುವ, ಚೂಪು ಹೆಚ್ಚಿಸುವ ಗುಂಡಿಗಳು ಸಾಲಾಗಿ ಇರುತ್ತವೆ. ಮನೆಯ ಆಲ್ಬಮ್ಮಿಗೆ ಅವು ಚೆನ್ನ. ಹರಾಜಿನ ಚಿತ್ರಕ್ಕೆ ಎಲ್ಲವನ್ನೂ ಆಫ್ ಮಾಡಿಬಿಡಬೇಕು, ಏಕೆಂದರೆ ಯಂತ್ರಕ್ಕೆ ಧೂಳಿಗೂ ತುಕ್ಕುಗಲೆಗೂ ವ್ಯತ್ಯಾಸ ತಿಳಿಯದು. ಮೊಬೈಲಿನ ಸ್ಕ್ಯಾನ್ ಆ್ಯಪುಗಳದ್ದೂ ಇದೇ ಪಾಡು. ಅವು ಹುಟ್ಟಿದ್ದು ದಾಖಲೆ ಓದಿಸಲು. ಹಿನ್ನೆಲೆಯನ್ನು ಹಾಲಿನಂತೆ ಬೆಳ್ಳಗೆ ಮಾಡಿ ಅಕ್ಷರವನ್ನು ಕಪ್ಪಾಗಿಸುವುದು ಅವುಗಳ ಕಸುಬು. ನೂರು ವರ್ಷ ಮಾಗಿ ಕೆನೆಬಣ್ಣಕ್ಕೆ ತಿರುಗಿದ ಕಾರ್ಡು ಆ ಆ್ಯಪಿನಲ್ಲಿ ನಿನ್ನೆ ಪ್ರಿಂಟಾದಂತೆ ಕಂಡರೆ ಅನುಮಾನ ಬರುವುದು ಸಹಜ. ಕಪ್ಪುಬಿಳುಪು ಚಿತ್ರವನ್ನೂ ಬಣ್ಣದ ಸೆಟ್ಟಿಂಗಿನಲ್ಲೇ ಸ್ಕ್ಯಾನ್ ಮಾಡಬೇಕೆನ್ನುವುದೂ ಇದಕ್ಕೇ.

ಸ್ಕ್ಯಾನರುಗಳಲ್ಲಿ ಎರಡು ಜಾತಿ. ಸಪೂರವಾಗಿ, ಹಗುರಾಗಿ, ಕಂಪ್ಯೂಟರಿನಿಂದಲೇ ಕರೆಂಟು ಎಳೆದುಕೊಳ್ಳುವಂಥವು ಸಾಮಾನ್ಯವಾಗಿ ಸಿಐಎಸ್ ಜಾತಿಯವು. ಅವುಗಳ ಕಣ್ಣು ಗಾಜಿಗೆ ಅಂಟಿಕೊಂಡಂತಿರುತ್ತದೆ. ಗಾಜಿಗೆ ತಾಗಿದ್ದು ಮಾತ್ರ ಸ್ಪಷ್ಟ. ದಪ್ಪ, ಭಾರದ, ಕನ್ನಡಿ ಮತ್ತು ಮಸೂರ ಇರುವ ಸಿಸಿಡಿ ಜಾತಿಯವಕ್ಕೆ ಗಾಜಿನಿಂದ ಕೆಲವು ಮಿಲಿಮೀಟರ್ ಮೇಲಿದ್ದದ್ದೂ ಕಾಣುತ್ತದೆ. ಅಂಗಡಿಯ ಯಂತ್ರ ಯಾವ ಜಾತಿ ಎಂದು ತಿಳಿಯಲು ಒಂದು ಕಡ್ಡಿಪೆಟ್ಟಿಗೆ ಸಾಕು. ಸ್ಕೇಲಿನ ಒಂದು ತುದಿಯನ್ನು ಗಾಜಿನ ಮೇಲೆ, ಇನ್ನೊಂದು ತುದಿಯನ್ನು ಕಡ್ಡಿಪೆಟ್ಟಿಗೆಯ ಮೇಲೆ ಇಟ್ಟು, ಅಂಕಿಗಳು ಕೆಳಮುಖವಾಗಿರುವಂತೆ ಸ್ಕ್ಯಾನ್ ಮಾಡಿ. ಅಂಕಿಗಳು ಶುರುವಿನಲ್ಲೇ ಮಂಜಾದರೆ ಸಿಐಎಸ್, ದೂರದವರೆಗೆ ಓದಲು ಬಂದರೆ ಸಿಸಿಡಿ. ಬಾಗಿದ ಕಾರ್ಡು, ಗಟ್ಟಿ ಪ್ಲಾಸ್ಟಿಕ್ ಕವಚದೊಳಗಿನ ಕಾರ್ಡು ಇವಕ್ಕೆಲ್ಲ ಎರಡನೆಯ ಜಾತಿಯೇ ಬೇಕು. ಬಾಗಿದ್ದನ್ನು ಮುಚ್ಚಳದಿಂದ ಅದುಮಿ ನೇರ ಮಾಡಲು ಹೋಗಿ ಮಧ್ಯದಲ್ಲಿ ಗೆರೆ ಬಿದ್ದರೆ ಅದೇ ಕಾರ್ಡಿನ ದೊಡ್ಡ ದೋಷ.

ಇನ್ನು ಡಿಪಿಐ ಲೆಕ್ಕ. ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಎಂಬುದೇ ಡಿಪಿಐ. ಟ್ರಂಪ್ ಕಾರ್ಡಿನಂಥ ಎರಡೂವರೆ ಇಂಚು, ಮೂರೂವರೆ ಇಂಚಿನ ಕಾರ್ಡು 600 ಡಿಪಿಐಯಲ್ಲಿ 1500ಕ್ಕೆ 2100 ಚುಕ್ಕೆಯಾಗುತ್ತದೆ. ಚಿತ್ರದ ಅಂಚೆ ಕಾರ್ಡು 3300ಕ್ಕೆ 2100. ಹರಾಜಿಗೆ ಇದು ಧಾರಾಳ. ಮೂಲ ಸ್ಕ್ಯಾನನ್ನು ಹಾಗೇ ಎತ್ತಿಟ್ಟು, ಉದ್ದಬದಿ 1600 ಚುಕ್ಕೆಗೆ ಇಳಿಸಿದ ಪ್ರತಿಯನ್ನು ತಾಣಕ್ಕೆ ಏರಿಸಿದರೆ ಸಾಕು. ನಮ್ಮಲ್ಲಿ ಸಾಕಷ್ಟು ಹರಾಜು ಈಗ ವಾಟ್ಸಾಪ್ ಗುಂಪುಗಳಲ್ಲೇ ನಡೆಯುತ್ತದೆ. ಅಲ್ಲಿ ಫೋಟೊ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ಹಿಂಡಿ ಹಿಪ್ಪೆ ಮಾಡಿಯೇ ಮುಟ್ಟಿಸುವುದು. ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ ಪೂರ್ತಿ ಚಿತ್ರ ಹೋಗುತ್ತದೆ.

1200 ಡಿಪಿಐ ಬೇಕಾಗುವುದು ಒಂದೇ ಸಂದರ್ಭದಲ್ಲಿ. ಹಂಪಿಯ ಹಳೆಯ ಚಿತ್ರಗಳಿಗೆ ಗಿರಾಕಿ ಇರುವುದರಿಂದ ಮರುಮುದ್ರಣಗಳೂ ಓಡಾಡುತ್ತವೆ. ನಿಜವಾದ ಫೋಟೊವನ್ನು ಹಿಗ್ಗಿಸಿ ನೋಡಿದರೆ ಬಣ್ಣ ನುಣ್ಣಗೆ ಹರಡಿರುತ್ತದೆ. ಅಚ್ಚಿನ ಪ್ರತಿಯಾದರೆ ರಂಗೋಲಿ ಚುಕ್ಕೆಯಂತೆ ಸಾಲು ಚುಕ್ಕೆಗಳು. ಒಂದು ಬೆರಳುಗುರಿನಷ್ಟು ಜಾಗವನ್ನು 1200ರಲ್ಲಿ ಸ್ಕ್ಯಾನ್ ಮಾಡಿ ಪಕ್ಕದಲ್ಲಿ ಹಾಕಿದರೆ ಮಾರುವವರು ಹೇಳುವ ಮುನ್ನ ಚಿತ್ರವೇ ಹೇಳುತ್ತದೆ. ಹಂಪಿಯದೇ ಇನ್ನೊಂದು ಮಾತು. ವಿಜಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಅದು ಕಾಣುತ್ತದೆ. 50 ರೂಪಾಯಿ ನೋಟಿನ ಮೇಲಿರುವ ಈಗಿನ ರಥಕ್ಕೆ ಶಿಖರವಿಲ್ಲ. ಅಂದಮೇಲೆ ರಥದ ಹಳೆಯ ಫೋಟೊ ಸಿಕ್ಕಾಗ ಅದರ ಕಾಲ ಹೇಳುವುದು ರಥದ ತಲೆ. ಅಂದ ಕಾಣಲಿ ಎಂದು ಮೇಲ್ಭಾಗದ ಆಕಾಶವನ್ನು ಕತ್ತರಿಸುವ ಕೈ ತುಸು ತಡೆಯಬೇಕು.

ಹಿಂಬದಿಯನ್ನು ಸ್ಕ್ಯಾನ್ ಮಾಡದೆ ಬಿಡುವುದು ಎಲ್ಲರೂ ಮಾಡುವ ತಪ್ಪು. ಅಂಚೆ ಕಾರ್ಡಿನಲ್ಲಿ ಎಷ್ಟೋ ಸಲ ಬೆಲೆ ಇರುವುದೇ ಬೆನ್ನಿನಲ್ಲಿ. ಚಿತ್ರ ಯಾವುದೋ ಮದರಾಸಿನ ಕಡಲತೀರದ್ದು, ಸಾವಿರ ಪ್ರತಿ ಇರುವಂಥದ್ದು. ಬೆನ್ನಿನ ಮೇಲೆ ಸಣ್ಣ ಹಳ್ಳಿಯೊಂದರ, ಈಗ ಮುಚ್ಚಿಹೋದ ಅಂಚೆ ಕಚೇರಿಯ ಮುದ್ರೆ ದುಂಡಗೆ ಬಿದ್ದಿದ್ದರೆ ಗಿರಾಕಿ ಅದಕ್ಕೇ ಬರುತ್ತಾರೆ. ಮುದ್ರೆಯ ಊರು, ತಾರೀಖು ಓದಲು ಬರಬೇಕು. ಬರಹ ಕನ್ನಡದಲ್ಲೋ ತೆಲುಗಿನಲ್ಲೋ ಇದ್ದರೆ ಅದರ ಸಾರಾಂಶ ನಾಲ್ಕು ಸಾಲು ಬರೆದು ಜೊತೆಗಿಡುವುದು ದೂರದವರಿಗೆ ಉಪಕಾರ. ಮಾರುವ ಮೊದಲು ಮನೆಯವರು ಒಮ್ಮೆ ಓದಿಕೊಳ್ಳುವುದೂ ಲೇಸು. ಅಜ್ಜ ಯಾರಿಗೋ ಸಾಲ ಕೊಡಬೇಕಿತ್ತೆಂಬ ಸಂಗತಿ ಬೆಲ್ಜಿಯಂನ ಸಂಗ್ರಾಹಕನಿಂದ ತಿಳಿಯುವಂತಾಗಬಾರದು.

ಕರ್ನಾಟಕಕ್ಕೆ ತನ್ನದೇ ಕಾರ್ಡು ಪರಂಪರೆಯಿದೆ, ಅದು ಸ್ಕ್ಯಾನರಿಗೆ ಸುಲಭದ ತುತ್ತಲ್ಲ: ಗಂಜೀಫಾ. 1527ರಲ್ಲಿ ಬಾಬರ್ ಸಿಂಧ್‌ನ ಷಾ ಹಸನನಿಗೆ ಗಂಜೀಫಾ ಕಳಿಸಿದ ಸಂಗತಿ ಅವನ ಆತ್ಮಕಥೆಯಲ್ಲೇ ಇದೆ. ಮೊಗಲ್ ಕಟ್ಟಿನಲ್ಲಿ 96 ಎಲೆ, ದಶಾವತಾರ ಕಟ್ಟಿನಲ್ಲಿ 120. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇದು ಸಾಲಲಿಲ್ಲ. ಅವರ ಶ್ರೀತತ್ವನಿಧಿಯ ಕೌತುಕನಿಧಿ ಭಾಗದಲ್ಲಿ 36ರಿಂದ 360 ಎಲೆಗಳವರೆಗಿನ ಆಟಗಳ ವಿವರವಿದೆ. 360 ಎಲೆ ಕಲೆಸುವ ಕೈ ಎಂಥದ್ದಿರಬೇಕು! ನಮ್ಮ ಕಾಲದಲ್ಲಿ ಶ್ರೀರಂಗಪಟ್ಟಣದ ಕಲಾವಿದ ರಘುಪತಿ ಭಟ್ಟರು ಈ ಕಲೆಗೆ ಮತ್ತೆ ಜೀವ ಕೊಟ್ಟರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ.

ಗಂಜೀಫಾ ಎಲೆ ಹೆಚ್ಚಾಗಿ ದುಂಡಗೆ, ಮೈಮೇಲೆ ಅರಗಿನ ಮೆರುಗು, ಹಳೆಯದಾದರೆ ತಟ್ಟೆಯಂತೆ ತುಸು ಬಾಗು. ಸಪೂರ ಸ್ಕ್ಯಾನರಿನಲ್ಲಿ ನಡುಭಾಗ ಸ್ಪಷ್ಟವಾದರೆ ಸುತ್ತಿನ ಅಂಚು ಮಂಜು, ತಿರುಗಿಸಿ ಇಟ್ಟರೂ ಪಾಡು ಅಷ್ಟೆ. ಚಿನ್ನದ ರೇಖೆಗಳಂತೂ ಸ್ಕ್ಯಾನಿನಲ್ಲಿ ಕಂದು, ಕಪ್ಪು ಬಣ್ಣಕ್ಕೆ ತಿರುಗುತ್ತವೆ. ಸ್ಕ್ಯಾನರಿನ ಬೆಳಕು ಒಂದೇ ಕೋನದಿಂದ ಬೀಳುವುದರಿಂದ ಹೊಳಪು ಅದರ ಕಣ್ಣಿಗೆ ಮರಳಿ ಬರುವುದೇ ಇಲ್ಲ. ಈಗಿನ ಮಕ್ಕಳ ಪೋಕೆಮಾನ್ ಕಾರ್ಡಿನ ಮಿನುಗು ಹಾಳೆಗೂ ಇದೇ ಗತಿ. ಇಂಥವಕ್ಕೆ ಸ್ಕ್ಯಾನಿನ ಜೊತೆಗೆ, ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಎಲೆಯನ್ನು ಓರೆಯಾಗಿಟ್ಟು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಸೇರಿಸಬೇಕು. ಅಳತೆ, ಅಂಚು ಹೇಳುವುದಕ್ಕೆ ಸ್ಕ್ಯಾನ್. ಹೊಳಪು ಹೇಳುವುದಕ್ಕೆ ಫೋಟೊ.

ಅರಮನೆ ಕಾಲದ ಗಂಜೀಫಾ ಕಟ್ಟು ಯಾರ ಮನೆಯಲ್ಲಾದರೂ ಸಿಕ್ಕಿಬಿಟ್ಟರೆ ಸ್ಕ್ಯಾನಿಗಿಂತ ಮೊದಲು ಕಾನೂನು ನೆನಪಿರಲಿ. 1972ರ ಪುರಾವಸ್ತು ಮತ್ತು ಕಲಾಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲೆ, ಕುಸುರಿಯ ವಸ್ತುಗಳು ಪುರಾವಸ್ತು. ಅವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಅನುಮಾನವಿದ್ದರೆ ಕೇಳಲು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ವಲಯ ಕಚೇರಿ ಈಗ ಹಂಪಿಗೇ ಇದೆ, ಬೆಂಗಳೂರಿಗೆ ಓಡಬೇಕಾಗಿಲ್ಲ.

ಮಾರುವ ಜಾಗಗಳೂ ಬದಲಾಗಿವೆ. ಇಬೇ 2004ರಲ್ಲಿ ಬಾಜೀ ಡಾಟ್ ಕಾಮ್ ಅನ್ನು ಕೊಂಡು ಭಾರತಕ್ಕೆ ಬಂತು. 2018ರಲ್ಲಿ ಅದರ ಭಾರತದ ತಾಣ ಮುಚ್ಚಿತು. ಚಿತ್ರದ ಅಂಚೆ ಕಾರ್ಡುಗಳಿಗೆ ಬೆಲ್ಜಿಯಂನ ಡೆಲ್‌ಕ್ಯಾಂಪ್ ತಾಣಕ್ಕೆ ಹೆಸರಿದೆ. ಬೆಂಗಳೂರಿನ ಮರುಧರ್ ಆರ್ಟ್ಸ್‌ನಂಥ ಹರಾಜು ಮನೆಗಳೂ ಇವೆ. ಎಲ್ಲಿಗೇ ಕೊಟ್ಟರೂ ಮನೆಯಲ್ಲಿ ಒಂದು ಸ್ಕ್ಯಾನ್ ಪ್ರತಿ ಇರಲಿ. ಕಾರ್ಡು ದಾರಿಯಲ್ಲಿ ಕಳೆದರೆ, ಬೇರೆ ಕಾರ್ಡು ವಾಪಸು ಬಂದರೆ, ಮೂಲೆಯ ಆ ಒಂದು ಮುದುರು, ಅಂಚಿನ ಆ ಒಂದು ಕಲೆ ಇರುವ ಸ್ಕ್ಯಾನೇ ಗುರುತಿನ ಚೀಟಿ.

ಕಳಿಸುವಾಗ ಎರಡು ರಟ್ಟಿನ ತುಂಡುಗಳ ನಡುವೆ ಕಾರ್ಡನ್ನಿಟ್ಟು, ರಟ್ಟಿಗೆ ಮಾತ್ರ ಟೇಪ್ ಹಚ್ಚಿ, ಸ್ಪೀಡ್ ಪೋಸ್ಟಿನಲ್ಲಿ ಹಾಕಬೇಕು. ಹಣದ ವಿಷಯದಲ್ಲಿ ಸ್ಕ್ಯಾನ್ ಎಂಬ ಪದವೇ ಮೋಸ ಮಾಡುತ್ತದೆ. ನಿಮ್ಮ ಕಾರ್ಡು ಒಪ್ಪಿಗೆಯಾಯಿತು, ಹಣ ಪಡೆಯಲು ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಯುಪಿಐನಲ್ಲಿ ಪಿನ್ ಒತ್ತುವುದು ಹಣ ಕೊಡುವಾಗ, ಪಡೆಯುವಾಗ ಅಲ್ಲ. ಅಕಸ್ಮಾತ್ ಒತ್ತಿ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ ದೂರು ಕೊಡಿ.